ಬೆಸಾಂವ್ ಕೇಳಿದ ಮಳೆಗಾಲ

ಕಳೆದ ವಾರ ಮೂಡುಬಿದಿರೆಯಲ್ಲಿ ಹಲ್ಲಿನ ಡಾಕ್ಟರರ ಕೋಣೆಯ ಹೊರಗೆ ಕೂತಿದ್ದೆ. ತೊಂದರೆ ನನ್ನದಲ್ಲ, ಹೆಂಡತಿ ಜಾನೆಟಳದು. ಆದರೂ ಬಾಗಿಲು ತೆರೆದು ಲವಂಗದ ಎಣ್ಣೆಯ ವಾಸನೆ ಹೊರಗೆ ಬಂದದ್ದೇ ತಡ, ನನ್ನ ಅಂಗೈ ಬೆವರತೊಡಗಿತು. ಎದುರು ಕೂತಿದ್ದ ಹೆಂಗಸು ಕನಿಕರದಿಂದ, "ನಿಮ್ಮದು ಯಾವ ಹಲ್ಲು?" ಎಂದು ಕೇಳಿದರು. "ನನ್ನದಲ್ಲ, ಒಳಗೆ ಇರುವವರದ್ದು" ಎಂದೆ. ಅವರು ನಂಬಿದಂತೆ ಕಾಣಲಿಲ್ಲ.

ಭಕ್ತಿಯ ದಿನಗಳನ್ನು ನೆನಪಿಸಲು ಬೇರೆ ಕ್ರೈಸ್ತರಿಗೆ ಇಗರ್ಜಿಯ ಧೂಪದ ವಾಸನೆ ಇರುತ್ತದೆ. ನನಗೆ ಲವಂಗದ ಎಣ್ಣೆ. ಅದು ಮೂಗಿಗೆ ಬಡಿದರೆ ಅಣ್ಣ ಫೆಲಿಕ್ಸ್ ತೀರಿಹೋದ ವರ್ಷದ ಮಳೆಗಾಲ ಎದುರು ಬಂದು ನಿಲ್ಲುತ್ತದೆ.

ನಮ್ಮ ಮನೆ ವೇಣೂರಿನ ಹತ್ತಿರ. ಅಣ್ಣನ ಸಂಸಾರ, ನನ್ನ ಸಂಸಾರ ಎರಡೂ ಒಂದೇ ಸೂರಿನಡಿ. "ಗದ್ದೆ ನನಗೆ, ಚಿಂತೆ ತಮ್ಮನಿಗೆ, ನಮ್ಮಲ್ಲಿ ಪಾಲು ಆಗಿಯೇ ಉಂಟು" ಎಂದು ಅಣ್ಣ ಬಂದವರಿಗೆಲ್ಲ ಹೇಳುತ್ತಿದ್ದ. ನಾನು ಮೂಡುಬಿದಿರೆಯ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತ. ಬೆಳಿಗ್ಗೆ ಬಸ್ಸು ಹಿಡಿದು ಹೋಗುವುದು, ಸಂಜೆ ಬಸ್ಸು ಹಿಡಿದು ಬರುವುದು, ನಡುವಿನ ಹೊತ್ತಿನಲ್ಲಿ ಸಂಜೆಯ ಬಸ್ಸು ಬರದಿದ್ದರೆ ಏನು ಮಾಡುವುದೆಂದು ಯೋಚಿಸುವುದು.

ಕತ್ತಲಾಗುತ್ತಿದ್ದಂತೆ ಮನೆಯವರೆಲ್ಲ ದೇವರ ಪಟದ ಮುಂದೆ ಕೂತು ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ, ಹೇಳುತ್ತೇವೆ. ಕೊನೆಯ ಗೀತೆ ಮುಗಿದ ಮೇಲೆ ಕಿರಿಯರು ಹಿರಿಯರ ಮುಂದೆ ಬಂದು ಕೈಮುಗಿದು ಬೆಸಾಂವ್ ಕೇಳಬೇಕು. ಬೆಸಾಂವ್ ಎಂದರೆ ಆಶೀರ್ವಾದ. ಹಿರಿಯರು ತಲೆಯ ಮೇಲೆ ಕೈಯಿಟ್ಟು, "ದೇವ್ ಬರೆಂ ಕರುಂ" ಎನ್ನುತ್ತಾರೆ, ದೇವರು ಒಳ್ಳೆಯದು ಮಾಡಲಿ ಎಂದು. ಅಷ್ಟಾದ ಮೇಲೂ ಅವರ ತುಟಿ ಸ್ವಲ್ಪ ಹೊತ್ತು ಅಲ್ಲಾಡುತ್ತಿರುತ್ತದೆ. ಏನು ಹೇಳುತ್ತಾರೋ ಕೇಳಿಸುವುದಿಲ್ಲ.

ಅಪ್ಪ ಅಮ್ಮ ಹೋದ ಮೇಲೆ ಆ ಸ್ಥಾನ ಅಣ್ಣನಿಗೆ ಬಂತು, ಅವನ ಪಕ್ಕದಲ್ಲಿ ಐರಿನ್ ವೊನಿಗೆ. ನಮ್ಮ ಕೊಂಕಣಿಯಲ್ಲಿ ವೊನಿ ಎಂದರೆ ಅತ್ತಿಗೆ. ಅವರು ವಯಸ್ಸಿನಲ್ಲಿ ನನಗಿಂತ ಸ್ವಲ್ಪ ಚಿಕ್ಕವರು. ಆದರೂ ತಲೆ ಅರ್ಧ ನೆರೆತ ನಾನು ಮಕ್ಕಳ ಹಿಂದೆ ಸಾಲಿನಲ್ಲಿ ನಿಂತು ಅವರಿಬ್ಬರ ಮುಂದೆ ಕೈಮುಗಿಯುತ್ತಿದ್ದೆ. ಹಾಗೆ ನಿಲ್ಲುವುದು ನನಗೆ ಹಿತವೇ ಆಗಿತ್ತು. ಇಡೀ ದಿನ ಹೊತ್ತ ಚಿಂತೆಯನ್ನು ಇನ್ನೊಬ್ಬರ ಕೈಗೆ ಕೊಟ್ಟು ಗಂಜಿ ಊಟಕ್ಕೆ ಕೂರಬಹುದಿತ್ತು.

ಆ ವರ್ಷ ಈಸ್ಟರಿಗೆ ಮೊದಲಿನ ತಪಸ್ಸಿನ ಕಾಲದಲ್ಲಿ, ಸೊಸೈಟಿಗೆ ಗೊಬ್ಬರಕ್ಕೆಂದು ಹೋದ ಅಣ್ಣ ಸಾಲಿನಲ್ಲಿ ನಿಂತಲ್ಲೇ ಕುಸಿದ. ಹೃದಯ ನಿಂತಿತ್ತು. ಬೆಳ್ತಂಗಡಿಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮಾಡಲು ಏನೂ ಉಳಿದಿರಲಿಲ್ಲ.

ಮಳೆ ಹಿಡಿಯುವ ಹೊತ್ತಿಗೆ ಮನೆಯಲ್ಲಿ ತೇರ್ಸ್ ಮತ್ತೆ ಮೊದಲಿನಂತೆ ನಡೆಯತೊಡಗಿತ್ತು. ವೊನಿ ಬಂದು ಕೂರುತ್ತಿದ್ದರು, ಎಲ್ಲರ ಜೊತೆ ಜಪ ಹೇಳುತ್ತಿದ್ದರು. ಆದರೆ ಕೊನೆಯ ಗೀತೆ ಶುರುವಾದ ಕೂಡಲೇ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದರು. ಗೀತೆ ಮುಗಿದು ಮಕ್ಕಳು ಕೈಮುಗಿದು ತಿರುಗಿದಾಗ, ಹಿರಿಯ ಅಂತ ಅಲ್ಲಿ ಉಳಿದವನು ನಾನೊಬ್ಬನೇ.

ಮೊದಲ ದಿನ ಬಂದವಳು ವೀಣಾ, ಅಣ್ಣನ ಒಬ್ಬಳೇ ಮಗಳು. ನರ್ಸಿಂಗ್ ಮುಗಿಸಿ, ಕುವೈತಿನ ಆಸ್ಪತ್ರೆಯೊಂದಕ್ಕೆ ಆಯ್ಕೆಯಾಗಿ, ವೀಸಾ ಕಾಯುತ್ತಿದ್ದಳು. ನಾನು ಅವಳ ತಲೆಯ ಮೇಲೆ ಕೈಯಿಟ್ಟೆ. ಬಾಯಿಂದ ಹೊರಟ ಮಾತು, "ಜಾಗ್ರತೆ, ಆಯ್ತಾ?" ನನ್ನ ಇಬ್ಬರು ಮಕ್ಕಳೂ ನಕ್ಕರು. ಜಾನೆಟ್ ಗೋಡೆಯ ಕಡೆ ತಿರುಗಿದಳು, ಅವಳ ಹೆಗಲೂ ಅಲುಗುತ್ತಿತ್ತು.

"ವೊನಿ ಇದ್ದಿದ್ದರೆ ಸರಿಯಾಗ್ತಿತ್ತು. ಅನ್ನ ಉಕ್ಕುತ್ತದೆ ಅಂತ ಪಾಪ ಎದ್ದು ಹೋಗ್ತಾರೆ" ಎಂದೆ ಊಟವಾದ ಮೇಲೆ.

"ಯಾವ ಅನ್ನ? ಒಲೆಯೇ ಹೊತ್ತಿಸಿರುವುದಿಲ್ಲ" ಎಂದಳು ಜಾನೆಟ್. "ಕಿಟಕಿ ಹತ್ರ ಸುಮ್ಮನೆ ನಿಂತಿರ್ತಾರೆ. ನಿಮಗೆ ಎಂತದೂ ಗೊತ್ತಿಲ್ಲವಾ?"

ಗೊತ್ತಿರಲಿಲ್ಲ. ಅಣ್ಣ ಎಲ್ಲಿಗೆ ಹೊರಟರೂ ವೊನಿ ಅವನ ಹಣೆಯ ಮೇಲೆ ಹೆಬ್ಬೆರಳಿನಿಂದ ಶಿಲುಬೆಯ ಗುರುತು ಹಾಕಿ ಕಳುಹಿಸುತ್ತಿದ್ದರು. ಅವನು ಸೊಸೈಟಿಗೆ ಹೊರಟ ಬೆಳಿಗ್ಗೆಯೂ ಹಾಕಿದ್ದರು. "ನನ್ನ ಕೈಯಿಂದ ಹೋದವರು ತಿರುಗಿ ಬರಲಿಲ್ಲ, ಇನ್ನು ಈ ಕೈ ಯಾರ ತಲೆಗೂ ಬೇಡ" ಎಂದು ಜಾನೆಟಳ ಹತ್ತಿರ ಹೇಳಿದ್ದರಂತೆ. ಮಗಳಿಗೂ ಹೇಳಿಯಾಗಿತ್ತು, ಹೊರಡುವ ದಿನ ಬೆಸಾಂವಿಗೆ ತನ್ನ ಹತ್ತಿರ ಬರಬೇಡ, ಬಾಪು ಕೊಡುತ್ತಾನೆ ಎಂದು. ಬಾಪು ಎಂದರೆ ಚಿಕ್ಕಪ್ಪ, ನಾನು.

ಒಂದು ಸಂಜೆ ವೀಣಾ ಜಗಲಿಯಲ್ಲಿ ನನ್ನ ಪಕ್ಕ ಬಂದು ಕೂತಳು. "ಅಮ್ಮನ ಕೈ ತಲೆ ಮೇಲೆ ಬೀಳದೆ ನಾನು ವಿಮಾನ ಹತ್ತುವುದು ಹೇಗೆ ಬಾಪು?"

"ನಾನು ಕೊಡ್ತೇನಲ್ಲ."

"ಬೇಜಾರು ಮಾಡಬೇಡಿ ಬಾಪು. ನೀವು ಕೈ ಇಟ್ಟರೆ ನನಗೆ ಹೆದರಿಕೆ ಜಾಸ್ತಿ ಆಗ್ತದೆ."

ತಪ್ಪಿಲ್ಲ. ನನ್ನ ಕೈ ನಡುಗುತ್ತಿದ್ದದ್ದು ನನಗೇ ಗೊತ್ತಿತ್ತು. ಆದರೆ ಈ ಮಾತಿನಿಂದ ನಾನು ತೆಗೆದ ತೀರ್ಮಾನ ಮಾತ್ರ ಪೂರ್ತಿ ನನ್ನ ಸ್ವಭಾವದ್ದು. ಮನೆಗೆ ಹಿರಿಯನಾಗುವಷ್ಟು ನಾನು ಆತ್ಮದಲ್ಲಿ ಬೆಳೆದಿಲ್ಲ, ಆದ್ದರಿಂದ ವೀಣಾ ಹೊರಡುವುದರೊಳಗೆ ಬೇಗ ಬೇಗ ಬೆಳೆಯಬೇಕು ಎಂದುಕೊಂಡೆ.

ಬೆಳ್ತಂಗಡಿಯಲ್ಲಿ ಡೊಲ್ಫಿ ಮಾಸ್ಟ್ರು ಎಂಬ ನಿವೃತ್ತ ಅಧ್ಯಾಪಕರು ಧ್ಯಾನಕೂಟ ನಡೆಸುತ್ತಿದ್ದರು. ಆ ಜೂನಿನಲ್ಲಿ ಅವರ ವಿಷಯವೂ ಅದೇ, ಕ್ರೈಸ್ತನೊಬ್ಬ ಪ್ರಬುದ್ಧನಾಗುವುದು ಹೇಗೆ ಎಂದು. ನಾನು ಮುಂದಿನ ಬೆಂಚಿನಲ್ಲೇ ಕೂತೆ. ಹಾಲು ಕುಡಿಯುವ ಶಿಶುವಾಗಿ ಉಳಿಯಬಾರದು, ಗಟ್ಟಿ ಆಹಾರ ತಿನ್ನುವವರಾಗಬೇಕು ಎಂದು ಹೇಳಿ, ಮಾಸ್ಟ್ರು ಹಲಗೆಯ ಮೇಲೆ ಒಂದು ಏಣಿ ಬರೆದರು.

"ನಾವು ಎಷ್ಟನೇ ಮೆಟ್ಟಿಲಲ್ಲಿ ಇದ್ದೇವೆ ಅಂತ ಗೊತ್ತಾಗುವುದು ಹೇಗೆ ಸರ್?" ಎಂದು ಕೇಳಿದೆ.

"ಕೆಳಗೆ ನೋಡಿದಾಗ ಹೆದರಿಕೆ ಆಗದಿದ್ದರೆ ಮೇಲೆ ಬಂದಿದ್ದೀರಿ ಅಂತ ಅರ್ಥ."

"ನನಗೆ ನೆಲದ ಮೇಲೆ ನಿಂತರೂ ಹೆದರಿಕೆ ಆಗ್ತದೆ ಸರ್."

ಎಲ್ಲರೂ ನಕ್ಕರು. ನಾನು ತಮಾಷೆಗೆ ಹೇಳಿದ್ದಲ್ಲ.

ಆದರೂ ಏಣಿ ಹತ್ತತೊಡಗಿದೆ. ಕೋಳಿ ಕೂಗುವ ಮೊದಲು ಎದ್ದು ಮೌನವಾಗಿ ಕೂತೆ. ಮೌನದಲ್ಲಿ ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಆಫ್ ಮಾಡಿದ್ದೇನೋ ಇಲ್ಲವೋ ಎಂಬುದು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಶುಕ್ರವಾರ ಉಪವಾಸ ಮಾಡಿದೆ, ತಲೆನೋವು ಬಂತು, ತಲೆನೋವು ಬೇರೆ ಏನಾದರೂ ಆಗಿರಬಹುದೇ ಎಂದು ಡಾಕ್ಟರರ ಹತ್ತಿರ ಹೋದೆ. ಮಾತು ಕಡಿಮೆ ಮಾಡಿದೆ. ತೇರ್ಸ್ ಮುಗಿದ ಮೇಲೆ ಅಣ್ಣನಂತೆ ಬೆನ್ನು ನೇರ ಮಾಡಿ ಕೂತು, ಗಂಭೀರವಾಗಿ ಕೈ ಎತ್ತಲು ಅಭ್ಯಾಸ ಮಾಡಿದೆ.

"ಪ್ರಬುದ್ಧ ಆಗುವ ಭರದಲ್ಲಿ ಮನುಷ್ಯರ ಹಾಗೆ ಇರುವುದನ್ನೇ ಬಿಟ್ಟಿದ್ದೀರಿ ಮಾರಾಯ್ರೆ" ಎಂದಳು ಜಾನೆಟ್. "ಮಕ್ಕಳು ಹೆದರ್ತಾರೆ."

ವೊನಿ ಮಾತ್ರ ಗೀತೆ ಶುರುವಾದ ಕೂಡಲೇ ಎದ್ದು ಹೋಗುತ್ತಲೇ ಇದ್ದರು.

ಜುಲೈ ತಿಂಗಳ ಒಂದು ಭಾನುವಾರ ಬಂಟ್ವಾಳಕ್ಕೆ ಹೋದೆ. ಅಪ್ಪನ ತಂಗಿ ಮತ್ತಿಲ್ಡಾ ಅತ್ತೆ ಅಲ್ಲಿ ಪೇಟೆಯ ಹಿಂದೆ ಮಗನ ಮನೆಯಲ್ಲಿ ಇದ್ದಾರೆ. ನಮ್ಮ ಕುಟುಂಬದಲ್ಲಿ ಈಗ ಉಳಿದವರಲ್ಲಿ ಅವರೇ ಹಿರಿಯರು. ನೇತ್ರಾವತಿ ಕೆಂಪಾಗಿ ತುಂಬಿ ಹರಿಯುವುದನ್ನು ಪೇಟೆಯಲ್ಲಿ ಬಸ್ಸು ಇಳಿದಾಗಲೇ ನೋಡಿದ್ದೆ.

"ನೀರು ಇಲ್ಲಿವರೆಗೆ ಬರ್ತದಾ ಅತ್ತೆ?" ಎಂದೆ ಕೂತ ಕೂಡಲೇ.

"ಬಂದರೆ ಮಾಳಿಗೆ ಉಂಟು. ಈಗಲೇ ಕಾಲು ಎತ್ತಿ ಕೂರಬೇಡ, ಸರಿಯಾಗಿ ಕೂರು ಲಿಗೋರ್."

ಚಾ ಬಂತು. ನಾನು ಬಂದ ವಿಷಯ ತೆಗೆದೆ. "ಅತ್ತೆ, ಬೆಸಾಂವ್ ಕೊಡುವಾಗ 'ದೇವ್ ಬರೆಂ ಕರುಂ' ಆದ ಮೇಲೂ ನಿಮ್ಮ ತುಟಿ ಅಲ್ಲಾಡ್ತದಲ್ಲ, ಆಗ ಏನು ಹೇಳುವುದು ನೀವು?"

"ಹೇಳುವುದು ಎಂತ? ನನ್ನ ಹಲ್ಲಿನ ಸೆಟ್ಟು ಸಡಿಲ ಉಂಟು. ನಿಮ್ಮ ತಲೆ ಮೇಲೆ ಬೀಳದ ಹಾಗೆ ಹಿಡಿದುಕೊಳ್ಳುವುದು." ಅತ್ತೆ ನಗಲಿಲ್ಲ. "ನಿನಗೆ ಯಾಕೆ ಅದೆಲ್ಲ?"

"ಈಗ ನಾನು ಕೊಡಬೇಕಲ್ಲ. ಮನೆಗೆ ಹಿರಿಯ ನಾನೇ."

ಅತ್ತೆ ಲೋಟ ಕೆಳಗಿಟ್ಟರು. "ಐರಿನ್ ಯಾವಾಗ ಸತ್ತದ್ದು?"

ಇವರಿಗೆ ಮರೆವು ಶುರುವಾಯಿತು ಎಂದುಕೊಂಡೆ. "ಅಯ್ಯೋ, ಸತ್ತದ್ದು ಅಣ್ಣ ಅತ್ತೆ. ವೊನಿ ಇದ್ದಾರೆ."

"ಇದ್ದಾಳಲ್ಲ? ಅಣ್ಣನ ಹೆಂಡತಿ ಇರುವಾಗ ನೀನು ಹಿರಿಯ ಆದದ್ದು ಹೇಗೆ?"

"ಅವರು ಕೊಡುವುದಿಲ್ಲ ಅತ್ತೆ. ಎದ್ದು ಹೋಗ್ತಾರೆ."

"ನೀನು ಕೇಳಿದ್ದೀಯಾ?"

"ಇಲ್ಲ ಅತ್ತೆ."

"ಕೇಳದೆ ಯಾರು ಕೊಡ್ತಾರೆ? ಬಸ್‌ಸ್ಟ್ಯಾಂಡಿನಲ್ಲಿ ನಿಂತು ಹಂಚಲಿಕ್ಕೆ ಅದು ಎಂತ, ಬಟ್ಟೆ ಅಂಗಡಿಯ ನೋಟೀಸಾ?"

ವಾಪಸು ಬರುವಾಗ ಬಸ್ಸಿನ ಟರ್ಪಾಲಿನ ಸಂದಿನಿಂದ ನೀರು ತೊಡೆಯ ಮೇಲೆ ಬೀಳುತ್ತಿತ್ತು. ಪಕ್ಕಕ್ಕೆ ಸರಿಯಲು ಜಾಗವಿರಲಿಲ್ಲ. ಅತ್ತೆ ಹೇಳಿದ್ದು ಸರಿ. ನಾವೆಲ್ಲರೂ ವೊನಿಗೆ ನೋವಾಗಬಾರದೆಂದು, ಒದ್ದೆ ನೆಲವನ್ನು ತಪ್ಪಿಸಿ ನಡೆಯುವಂತೆ, ಅವರನ್ನು ತಪ್ಪಿಸಿ ನಡೆಯುತ್ತಿದ್ದೆವು. ಅವರು ಎದ್ದು ಹೋದಾಗ ಯಾರೂ ಹಿಂದೆ ಹೋಗಲಿಲ್ಲ. ನಾನಂತೂ ಅವರ ಜಾಗದಲ್ಲಿ ಬೆನ್ನು ನೇರ ಮಾಡಿ ಕೂರುವುದನ್ನು ಕಲಿಯುತ್ತಿದ್ದೆ.

ಗೊತ್ತಾದದ್ದು ಬೇರೆ, ಧೈರ್ಯ ಬೇರೆ. ಜುಲೈ ಮುಗಿದರೂ ಕೇಳಲಾಗಲಿಲ್ಲ. ಅತ್ತರೆ? ಬೈದರೆ? ಇವಕ್ಕಿಂತ ದೊಡ್ಡದು ಇನ್ನೊಂದಿತ್ತು. ಅವರು ಮನಸ್ಸು ಗಟ್ಟಿಮಾಡಿ ಕೈಯಿಟ್ಟ ದಿನವೇ ನನಗೆ ಏನಾದರೂ ಆಗಿಬಿಟ್ಟರೆ? ಆಗ ಅವರ ಗತಿ?

ಕೊನೆಗೆ ಕೇಳುವಂತೆ ಮಾಡಿದ್ದು ಪ್ರಾರ್ಥನೆಯಲ್ಲ, ಬಲಗಡೆಯ ದವಡೆಹಲ್ಲು. ಆಗಸ್ಟ್ ಮೊದಲಲ್ಲಿ ಅದು ಹಿಡಿದ ಹಿಡಿತಕ್ಕೆ ಕಿವಿ, ಕುತ್ತಿಗೆ ಎಲ್ಲ ಒಂದಾಯಿತು. ಕೀಳಲೇಬೇಕು ಎಂದರು ಡಾಕ್ಟರು. ಕೀಳುವ ದಿನ ಬೆಳಿಗ್ಗೆ ಶರ್ಟು ಹಾಕುವಾಗ ಗುಂಡಿ ತಪ್ಪಿ ತಪ್ಪಿ ಹೋಗುತ್ತಿತ್ತು. ಇಂಜೆಕ್ಷನ್ ಆಗದಿದ್ದರೆ, ರಕ್ತ ನಿಲ್ಲದಿದ್ದರೆ, ಎಂದು ಯೋಚಿಸುತ್ತಾ ಹಿತ್ತಿಲಿಗೆ ಬಂದರೆ ವೊನಿ ಬಾವಿಯ ಹತ್ತಿರ ಕೂತು ಬೂತಾಯಿ ಮೀನಿನ ಹುರುಪೆ ತೆಗೆಯುತ್ತಿದ್ದರು. ಯಾವ ಯೋಜನೆಯೂ ಇರಲಿಲ್ಲ. ಹೆದರಿದ ಮಕ್ಕಳು ಹತ್ತಿರ ಇದ್ದವರ ಸೆರಗು ಹಿಡಿದ ಹಾಗೆ ಹೇಳಿಬಿಟ್ಟೆ.

"ವೊನಿ, ಬೆಸಾಂವ್ ಕೊಡಿ."

ಅವರ ಕತ್ತಿ ನಿಂತಿತು. "ಎಂತದು?"

"ಹಲ್ಲು ತೆಗೆಸಲಿಕ್ಕೆ ಹೋಗ್ತಾ ಇದ್ದೇನೆ."

"ಹಲ್ಲಿಗೆ ಬೆಸಾಂವಾ?"

"ಹೆದರಿಕೆ ಆಗ್ತದೆ ವೊನಿ."

ಅವರಿಗೆ ನಗು ಬಂದೇ ಬಿಟ್ಟಿತು. ಬಂದದ್ದು ತಿಳಿದ ಕೂಡಲೇ ಮುಖ ಗಟ್ಟಿಯಾಯಿತು. "ಜಾನೆಟ್ ಹತ್ರ ಕೇಳು. ನನ್ನ ಕೈಯದ್ದು ಬೇಡ. ನಿನಗೆ ಗೊತ್ತುಂಟಲ್ಲ ಲಿಗೋರ್."

"ಜಾನೆಟ್ ನನ್ನ ಹೆಂಡತಿ, ಕೊಟ್ಟರೆ ಬೈಗುಳ ಕೊಡ್ತಾಳೆ. ಹಿರಿಯರು ನೀವು." ಮಳೆಹನಿ ಶುರುವಾಯಿತು. ನಾನು ಹೋಗಲಿಲ್ಲ. ಹೋಗದೆ ನಿಂತದ್ದು ಧೈರ್ಯದಿಂದ ಅಲ್ಲ, ಡಾಕ್ಟರರ ಹೆದರಿಕೆಯಿಂದ.

"ಬಸ್ಸು ಹೋಗ್ತದೆ ನಿನಗೆ" ಎಂದರು ವೊನಿ. ನಾನು ತಲೆ ಬಗ್ಗಿಸಿಯೇ ನಿಂತೆ. ಬಹಳ ಹೊತ್ತಾದ ಮೇಲೆ ಅವರು ಎದ್ದರು. ಬೆರಳೆಲ್ಲ ಮೀನು, ಆದ್ದರಿಂದ ಮಣಿಕಟ್ಟನ್ನು ನನ್ನ ಹಣೆಗೆ ಒತ್ತಿದರು. ತಕ್ಷಣ ಕೂತು ಮತ್ತೆ ಕತ್ತಿ ಹಿಡಿದರು.

ಮೂಡುಬಿದಿರೆಯಲ್ಲಿ, ಲವಂಗದ ಎಣ್ಣೆ ಘಮ್ಮೆನ್ನುವ ಕೋಣೆಯಲ್ಲಿ, ಡಾಕ್ಟರಮ್ಮ ದೀಪ ಎಳೆದುಕೊಂಡು ಬಗ್ಗಿದವರು, "ಅಂಕಲ್, ನಿಮ್ಮ ಹಣೆಯಲ್ಲಿ ಎಂತದೋ ಹೊಳೀತಾ ಉಂಟು" ಎಂದರು. ಬೂತಾಯಿಯ ಹುರುಪೆ. ಅದನ್ನು ಹೊತ್ತುಕೊಂಡು ಬಸ್ಸಿನಲ್ಲಿ ಎಲ್ಲರ ಎದುರು ಬಂದಿದ್ದೆ. ಅವರು ಹತ್ತಿಯಿಂದ ಒರೆಸಲು ಬಂದರು, ನಾನು ಬೇಡ ಎಂದೆ. ಅವರು ನನ್ನ ಮುಖವನ್ನು ಒಂದು ಸಲ ನೋಡಿ ಇಂಜೆಕ್ಷನ್ ಸ್ವಲ್ಪ ಜಾಸ್ತಿಯೇ ಕೊಟ್ಟರೆಂದು ಕಾಣುತ್ತದೆ.

ಬೇರು ತುಂಡಾಗಿ ಕೆಲಸ ಲಂಬಿಸಿತು. ಹೊರಗೆ ಬಂದರೆ ವೇಣೂರಿನ ರಸ್ತೆಗೆ ಮರ ಬಿದ್ದು ಬಸ್ಸುಗಳಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ನಿಂತಾಗ ನನಗೊಂದು ಹೊಸ ಅನುಭವವಾಯಿತು. ನನ್ನ ಬಗ್ಗೆ ಹೆದರಿಕೆಯೇ ಇರಲಿಲ್ಲ. ಇದ್ದದ್ದು, ಅಲ್ಲಿ ವೊನಿ ದಾರಿ ನೋಡುತ್ತಿರುತ್ತಾರಲ್ಲ ಎಂಬುದು. ಒಡನೆಯೇ ಮನೆಗೆ ಫೋನ್ ಮಾಡಿದೆ. ಬಾಯಿ ತುಂಬ ಹತ್ತಿ ಇದೆ, ತುಟಿ ಮರಗಟ್ಟಿದೆ ಎಂಬುದು ಅತ್ತಲಿಂದ ವೊನಿಯೇ "ಹಲೋ" ಎಂದ ಮೇಲೆ ನೆನಪಾಯಿತು. "ತಡ ಆಗ್ತದೆ, ಹೆದರಬೇಡಿ" ಎಂದು ಎರಡೆರಡು ಸಲ ಹೇಳಿದೆ. ಆ ಮೇಲೆ ಫೋನಿನ ಚಾರ್ಜು ಮುಗಿಯಿತು. ತಿಳಿಸಿದೆನಲ್ಲ ಎಂದು ಸಮಾಧಾನದಿಂದ ಕೂತೆ.

ಮನೆ ಮುಟ್ಟುವಾಗ ಕತ್ತಲಾಗುತ್ತಿತ್ತು. ವೊನಿ ಗೇಟಿನಲ್ಲಿ ಕೊಡೆಯಿಲ್ಲದೆ ನಿಂತಿದ್ದರು. ಒಳಗೆ ವೀಣಾ ಸಿಕ್ಕಸಿಕ್ಕವರಿಗೆಲ್ಲ ಫೋನ್ ಮಾಡುತ್ತಿದ್ದಳು.

"ಫೋನಿನಲ್ಲಿ ದನದ ಹಾಗೆ ಕೂಗಿದ್ದು ಯಾಕೆ?" ಎಂದರು ವೊನಿ. ಧ್ವನಿ ಒಡೆದಿತ್ತು. "ಹಾಂ? ಎರಡು ಸಲ ಕೂಗಿ ಇಟ್ಟುಬಿಟ್ಟದ್ದಲ್ಲ? ನಿನಗೆ ಏನಾದರೂ ಆಗಿದ್ದರೆ ಈ ಕೈಯನ್ನು ನಾನು ಎಂತ ಮಾಡಬೇಕಿತ್ತು?"

ನಾನು ಉತ್ತರ ಕೊಡಲು ಬಾಯಿ ತೆರೆದೆ. ಹತ್ತಿ ಹೊರಗೆ ಬಿತ್ತು. ವೊನಿ ಅದನ್ನು ನೋಡಿದರು, ನನ್ನ ಊದಿದ ಕೆನ್ನೆ ನೋಡಿದರು. ಅಣ್ಣ ಹೋದ ಮೇಲೆ ಮೊದಲ ಸಲ ಅವರು ಎಲ್ಲರೆದುರು ಅತ್ತರು, ಗೇಟು ಹಿಡಿದುಕೊಂಡು, ಜೋರಾಗಿ. ಅಳುವಿನ ನಡುವೆಯೇ ಜಾನೆಟಳಿಗೆ, "ಅವನಿಗೆ ಗಂಜಿ ಹಿಚುಕಿ ಕೊಡು" ಎಂದರು. ಡೊಲ್ಫಿ ಮಾಸ್ಟ್ರ ಗಟ್ಟಿ ಆಹಾರಕ್ಕೆ ಹೊರಟವನು ಆ ವಾರವಿಡೀ ಗಂಜಿಯ ತಿಳಿ ಕುಡಿದೆ.

ಇಷ್ಟಕ್ಕೆ ಎಲ್ಲ ಸರಿಯಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅಂದಿನ ತೇರ್ಸಿನಲ್ಲೂ ವೊನಿ ಗೀತೆ ಮುಗಿಯುವ ಮೊದಲೇ ಎದ್ದು ಹೋದರು. ಆದರೆ ನಾನು ಮರುದಿನ ಬೆಳಿಗ್ಗೆ ಆಫೀಸಿಗೆ ಹೊರಡುವಾಗ ಮತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಅದರ ಮರುದಿನವೂ.

"ಇವತ್ತು ಯಾವ ಹಲ್ಲು?" ಎನ್ನುತ್ತಿದ್ದ ವೊನಿ, ಬೈದುಕೊಳ್ಳುತ್ತಾ, ಸೌಟು ಹಿಡಿದ ಕೈಯಲ್ಲೋ ಹಿಟ್ಟಿನ ಕೈಯಲ್ಲೋ ಹಣೆ ಮುಟ್ಟಿ ಕಳುಹಿಸುತ್ತಿದ್ದರು. ಸಂಜೆ ನನ್ನ ಚಪ್ಪಲಿಯ ಸದ್ದು ಕೇಳಿದ ಮೇಲೆಯೇ ಅವರು ಚಾಕ್ಕೆ ನೀರಿಡುತ್ತಿದ್ದರು ಎಂದು ಜಾನೆಟ್ ಹೇಳಿದಳು. ಅದು ಗೊತ್ತಾದ ಮೇಲೆ ನಾನು ಸಂಜೆಯ ಬಸ್ಸಿಗೆ ಓಡತೊಡಗಿದೆ. ಬೆಳಗಿನ ಮೌನ, ಶುಕ್ರವಾರದ ಉಪವಾಸ, ನೇರ ಬೆನ್ನು ಎಲ್ಲ ಯಾವಾಗ ಬಿಟ್ಟುಹೋದವೋ ತಿಳಿಯಲಿಲ್ಲ.

ಸೆಪ್ಟೆಂಬರಿನಲ್ಲಿ ತೆನೆ ಹಬ್ಬ ಬಂತು. ಇಗರ್ಜಿಯಲ್ಲಿ ಆಶೀರ್ವದಿಸಿದ ಹೊಸ ತೆನೆ ಮನೆಗೆ ತಂದೆವು. ಊಟಕ್ಕೆ ಮೊದಲು ಹೊಸ ಅಕ್ಕಿಯ ಪಾಯಸವನ್ನು ಹಿರಿಯರು ಎಲ್ಲರಿಗೂ ಕೊಡಬೇಕು. ವೊನಿ ಪಾತ್ರೆಯನ್ನು ನನ್ನ ಕಡೆ ತಳ್ಳಿದರು. ನಾನು ತಿರುಗಿ ತಳ್ಳಿದೆ. ಕೊನೆಗೆ ಜಾನೆಟ್ ಎತ್ತಿಕೊಂಡು ಬಡಿಸಿದಳು. ವೀಣಾ ತಲೆ ಎತ್ತಲಿಲ್ಲ. ಅವಳ ವೀಸಾ ಬಂದಾಗಿತ್ತು, ಹೊರಡುವುದು ಮುಂದಿನ ವಾರ.

ಹೊರಡುವ ಬೆಳಿಗ್ಗೆ ಮಳೆ ಬಿಟ್ಟಿತ್ತು. ಕಾರು ಅಂಗಳದಲ್ಲಿ, ಸೂಟ್‌ಕೇಸು ಡಿಕ್ಕಿಯಲ್ಲಿ. ವೊನಿ ಜಗಲಿಯ ಕಂಬಕ್ಕೆ ಒರಗಿ, ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ನಿಂತಿದ್ದರು. ವೀಣಾ ಅಮ್ಮನನ್ನು ಒಮ್ಮೆ ನೋಡಿ, ಅವರು ಮೊದಲೇ ಹೇಳಿದ್ದಂತೆ ನನ್ನ ಮುಂದೆ ಬಂದು ಮಂಡಿಯೂರಿದಳು.

"ಬೆಸಾಂವ್ ಕೊಡಿ ಬಾಪು."

ಇದಕ್ಕಾಗಿಯೇ ಜೂನಿನಿಂದ ತಯಾರಾದವನು ನಾನು. ಒಳ್ಳೆಯ ಮಾತುಗಳೂ ಸಿದ್ಧವಿದ್ದವು. ಕೈ ಎತ್ತಿದೆ. ಅದು ನಡುಗಲಿಲ್ಲ ಎಂಬುದನ್ನೂ ಗಮನಿಸಿದೆ. ಆದರೆ ಇಡಲು ಮನಸ್ಸು ಬರಲಿಲ್ಲ.

"ತಡೆ" ಎಂದೆ. "ನನ್ನದೇ ಇವತ್ತಿನದ್ದು ಇನ್ನೂ ಆಗಲಿಲ್ಲ."

ಜಗಲಿಯ ಹತ್ತಿರ ಹೋಗಿ, ಪ್ಯಾಂಟು ಕೆಸರಾಗುವುದನ್ನೂ ನೋಡದೆ, ವೊನಿಯ ಮುಂದೆ ಮಂಡಿಯೂರಿದೆ. ಎರಡೂ ಮಂಡಿಗಳು ಕಟಕ್ಕೆಂದವು. ವೀಣಾ ಅರ್ಥ ಮಾಡಿಕೊಂಡಳು. ಎದ್ದು ಬಂದು ನನ್ನ ಪಕ್ಕದಲ್ಲೇ ಊರಿದಳು.

"ಲಿಗೋರ್, ಇದೆಲ್ಲ ಬೇಡ" ಎಂದರು ವೊನಿ. "ಅವಳು ದೂರ ಹೋಗುವವಳು. ಮೂಡುಬಿದಿರೆಯಲ್ಲ."

"ಹೌದು ವೊನಿ."

"ಏನಾದರೂ ಆದರೆ?"

ಈ ಪ್ರಶ್ನೆ ನನ್ನ ಜೀವಮಾನದ್ದು. "ಆಗಬಹುದು" ಎಂದೆ. "ಆದರೂ ಕೊಡಿ."

ಡ್ರೈವರ್ ಒಮ್ಮೆ ಹಾರ್ನ್ ಮಾಡಿದ. ಜಾನೆಟ್ ಕೈ ಎತ್ತಿ ಅವನನ್ನು ಸುಮ್ಮನಿರಿಸಿದಳು. ವೊನಿ ಮೆಟ್ಟಿಲಿಳಿದು ಬಂದರು. ಅಭ್ಯಾಸವಾಗಿದ್ದ ಕೈ ಮೊದಲು ನನ್ನ ತಲೆಗೆ ಬಂತು. ಅಲ್ಲಿ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಹಗುರವಾಯಿತು. ಪಕ್ಕದಿಂದ ವೀಣಾಳ ಉಸಿರು ಕೇಳಿಸಿತು. ಓರೆಗಣ್ಣಿನಿಂದ ನೋಡಿದೆ. ವೊನಿಯ ಎರಡೂ ಕೈಗಳು ಮಗಳ ತಲೆಯ ಮೇಲಿದ್ದವು.

ಕಾರು ಹೊರಟಿತು. ಎಲ್ಲರೂ ಅದರ ಹಿಂದೆ ಗೇಟಿನವರೆಗೆ ಹೋದರು. ನನಗೆ ಏಳಲು ಯಾರಾದರೂ ಕೈ ಕೊಡಬೇಕಿತ್ತು. ಯಾರಿಗೂ ನನ್ನ ನೆನಪಿರಲಿಲ್ಲ. ನನಗೂ ನನ್ನ ನೆನಪಿರಲಿಲ್ಲ. ಖಾಲಿ ಜಗಲಿಯ ಮುಂದೆ, ಕೆಸರಿನಲ್ಲಿ, ಬಹಳ ಹೊತ್ತು ಹಾಗೆಯೇ ಇದ್ದೆ.